ಅಂಗಡಿ ತೆರೆಯಲು ಹೊರಟ ಮಗಳಿಗೊಂದು ಪತ್ರ

ಗದಗ
ಭಾನುವಾರ ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ನಾನೂ ನಿನ್ನ ಅವ್ವನೂ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು, "ಅಪ್ಪಾ, ನೌಕರಿ ಬಿಟ್ಟು ಒಬ್ಬಾಕಿನೇ ಲೇಬಲ್ ಡಿಸೈನ್ ಅಂಗಡಿ ಹಾಕೂದು ಪಕ್ಕಾ ಮಾಡೇನಿ, ಆದ್ರ ಹೆದರಿಕಿ ಆಗಾಕತ್ತೈತಿ" ಅಂದೆ. ನಾನು "ಎಲ್ಲಾ ಸರಿ ಹೋಗ್ತೈತಿ ಬಿಡು" ಅಂದುಬಿಟ್ಟೆ. ಫೋನಿಟ್ಟ ಮೇಲೆ ನಿನ್ನ ಅವ್ವ, "ಅಕಿ ಕೇಳಿದ್ದೊಂದು, ನೀವು ಹೇಳಿದ್ದೊಂದು" ಅಂದಳು. ಆಕೆ ಅಂದದ್ದು ಖರೆ. 1986ರಿಂದ ಒಬ್ಬನೇ ಪ್ರೆಸ್ ನಡೆಸಿದವನು ನಾನು. ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಫೋನಿನಲ್ಲಿ ನನಗೆ ಮಾತು ಹೊಂದುವುದಿಲ್ಲ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದವನ ಕೈ ಇದು, ಬರೆದರೇ ಸಮಾಧಾನ. ಅದಕ್ಕೆ ಇವತ್ತು ಅಂಗಡಿಯ ಟೇಬಲ್ಲಿನ ಮೇಲೇ ಕೂತು ಬರೆಯುತ್ತಿದ್ದೇನೆ.

ತಂಗೀ, ಮೊದಲು ಒಂದು ಸಂಗತಿ ಹೇಳಿಬಿಡುತ್ತೇನೆ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ಅಂಗಡಿ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಬೇರೆಯವರ ಪ್ರೆಸ್ಸಿನಲ್ಲಿ ಏಳು ವರ್ಷ ಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದು, ಸಾಲ ಮಾಡಿ ಒಂದು ಹಳೇ ಟ್ರೆಡಲ್ ಮಷಿನ್ ಕೊಂಡಿದ್ದೆ. ಕಾಲಿನಿಂದ ತುಳಿಯುವುದು, ಕೈಯಿಂದ ಒಂದೊಂದೇ ಹಾಳೆ ಕೊಡುವುದು, ತೆಗೆಯುವುದು. 1987ರ ಬೇಸಿಗೆ. ಲಗ್ನದ ಹಂಗಾಮು. ಹತ್ತಿರದ ಹಳ್ಳಿಯ ಒಬ್ಬ ರೈತರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. 400 ಕಾರ್ಡು. ಕನ್ನಡ ಅಂಕಿಯಲ್ಲೇ ಇರಬೇಕು ಅಂದರು. ಮೊಳೆ ಜೋಡಿಸುವಾಗ ಅಕ್ಷರಗಳನ್ನು ತಲೆಕೆಳಗಾಗಿ ಓದಬೇಕು, ನಿನಗೆ ಗೊತ್ತಿದೆ. ಕನ್ನಡದ ೬ ಮತ್ತು ೯ ನೆಟ್ಟಗಿದ್ದಾಗಲೇ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಇನ್ನು ತಿರುಗುಮುರುಗಾದರೆ ಕೇಳಬೇಕೇ. ಲಗ್ನ ಇದ್ದದ್ದು ೯ಕ್ಕೆ. ನಾನು ಹಾಕಿದ್ದು ೬. ತಪ್ಪು ನೋಡಲು ತೆಗೆಯುವ ಮೊದಲ ಪ್ರತಿ, ಪ್ರೂಫ್, ನಾನೇ ತೆಗೆದೆ, ನಾನೇ ಓದಿದೆ, ನನ್ನ ಕಣ್ಣು ತಾನು ಜೋಡಿಸಿದ್ದನ್ನೇ ಸರಿ ಅಂತ ಓದಿತು.

ನಾಲ್ಕು ದಿನದ ಮೇಲೆ ಅವರು ಅಂಗಡಿಗೆ ಬಂದು ಕಾರ್ಡನ್ನು ಟೇಬಲ್ ಮೇಲಿಟ್ಟು ಸುಮ್ಮನೆ ನಿಂತರು. ಬೈದಿದ್ದರೆ ಒಳ್ಳೆಯದಿತ್ತು. ಅಷ್ಟರಲ್ಲಿ 60 ಕಾರ್ಡು ಹಂಚಿ ಆಗಿತ್ತು. ನನ್ನ ಕೈಕಾಲಲ್ಲಿ ಬಲವೇ ಉಳಿಯಲಿಲ್ಲ. ಆವತ್ತು ಸಂಜೆ ಮಾರ್ಕೆಟ್ಟಿನಿಂದ ಉದ್ರಿ ಕಾಗದ ತಂದು, ರಾತ್ರಿಯೆಲ್ಲ ಟ್ರೆಡಲ್ ತುಳಿದು 400 ಕಾರ್ಡು ಮತ್ತೆ ತೆಗೆದೆ. ಮುಂದಿನ ಎರಡು ದಿನ ಅಂಗಡಿ ಮುಚ್ಚಿ, ಆ 60 ಕಾರ್ಡು ಯಾವ ಯಾವ ಮನೆಗೆ ಹೋಗಿದ್ದವೋ ಆ ಮನೆಗಳಿಗೆ ಸೈಕಲ್ ಮೇಲೆ, ಬಸ್ಸಿನಲ್ಲಿ ಹೋಗಿ, "ತಪ್ಪು ನಂದು, ಲಗ್ನ ಒಂಬತ್ತಕ್ಕ ಐತಿ" ಅಂತ ಹೊಸ ಕಾರ್ಡು ಕೊಟ್ಟು ಬಂದೆ. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಇನ್ನೊಂದರಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಲಗ್ನ ಚೆಂದಾಗಿ ಆಯಿತು.

ಆ ರೈತರು ಮತ್ತೆ ನನ್ನ ಅಂಗಡಿ ಹತ್ತಲಿಲ್ಲ. ಅವರ ಮುಂದಿನ ಇಬ್ಬರು ಮಕ್ಕಳ ಲಗ್ನಪತ್ರಿಕೆ ಬೇರೆ ಪ್ರೆಸ್ಸಿನಲ್ಲಿ ಆಯಿತು. ಇದನ್ನೂ ನಿನಗೆ ಹೇಳಲೇಬೇಕು. ತಪ್ಪು ತಿದ್ದಿಕೊಂಡರೆ ಗಿರಾಕಿ ಮರಳಿ ಬರುತ್ತಾನೆ ಅನ್ನುವ ಕಥೆಗಳನ್ನು ಜನ ಬಹಳ ಹೇಳುತ್ತಾರೆ. ಕೆಲವರು ಬರುವುದಿಲ್ಲ. ನಾನು ಒಬ್ಬ ಗಿರಾಕಿಯನ್ನು ಕಳೆದುಕೊಂಡೆ, ಎರಡು ತಿಂಗಳ ಗಳಿಕೆ ಹೋಯಿತು, ಮೂರನೇ ತಿಂಗಳು ಅಂಗಡಿ ಬಾಗಿಲು ತೆರೆದೇ ಇತ್ತು. ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದೆನೋ ಅದು ನಡೆದೇ ಹೋಗಿತ್ತು, ನಾನು ಮಾತ್ರ ಇನ್ನೂ ಮಷಿನ್ ಮುಂದೆ ನಿಂತಿದ್ದೆ.

ಆ ವಾರ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. "ಓದಿ ನೋಡಿದ್ದೇನೆ, ಅಚ್ಚು ಮಾಡಬಹುದು", ಅದರ ಕೆಳಗೆ ಸಹಿಗೆ ಒಂದು ಗೆರೆ. ಅಂದಿನಿಂದ ಗಿರಾಕಿ ದಿನಾಂಕ, ವಾರ, ಊರು, ಹೆಸರು ಗಟ್ಟಿಯಾಗಿ ಓದಿ ಸಹಿ ಮಾಡುವ ತನಕ ನಾನು ಟ್ರೆಡಲ್ ಮೇಲೆ ಕಾಲಿಟ್ಟಿಲ್ಲ. ಓದು ಬಾರದವರು ಬಂದರೆ ನಾನು ಓದಿ ಹೇಳುತ್ತಿದ್ದೆ, ಜೊತೆಗಿದ್ದವರು ಸಹಿ ಮಾಡುತ್ತಿದ್ದರು. ಹೆದರಿಕೆ ಹೋಯಿತೇ? ಇಲ್ಲ. ಇವತ್ತಿಗೂ ಲಗ್ನಪತ್ರಿಕೆ ಅಂದರೆ ನನ್ನ ಎದೆ ಡವಗುಟ್ಟುತ್ತದೆ. ಆದರೆ ಆ ಹೆದರಿಕೆಗೆ ಮಾಡಲು ಒಂದು ಕೆಲಸ ಸಿಕ್ಕಿತು. ಪ್ರೂಫ್ ನೋಡುವ ಕೆಲಸ.

ನಿನಗೂ ನಾನು ಹೇಳಬೇಕೆಂದಿದ್ದು ಇದಿಷ್ಟೇ. ಹೆದರಿಕೆಯನ್ನು ಓಡಿಸಲು ಹೋಗಬೇಡ, ಅದು ಹೋಗುವುದಿಲ್ಲ. "ಹೆದರಿಕಿ ಆಗ್ತೈತಿ" ಅಂತ ಒಟ್ಟಾರೆ ಹೇಳಬೇಡ, ಯಾವುದಕ್ಕೆ ಅಂತ ಬಿಡಿಸಿ ಹೇಳು. ಬಿಡಿಸಿದ ಮೇಲೆ ಪ್ರತಿಯೊಂದಕ್ಕೂ ಒಂದು ಸ್ಟ್ಯಾಂಪ್ ಮಾಡಿಸಬಹುದು.

ನೀನು ಮಾಡಲು ಹೊರಟಿರುವುದು ಮನೆಯಲ್ಲೇ ಚಟ್ನಿಪುಡಿ, ಉಪ್ಪಿನಕಾಯಿ, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಲೇಬಲ್, ಪೊಟ್ಟಣ, ಡಬ್ಬಿಯ ಡಿಸೈನ್. ಅದರಲ್ಲೂ ಒಂದು ಲಗ್ನದ ದಿನಾಂಕ ಇದೆ, ನೋಡು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಲೈಸೆನ್ಸ್ ನಂಬರು 14 ಅಂಕಿ. ಒಂದು ಅಂಕಿ ಅತ್ತಿತ್ತಾದರೆ ಆ ಅವ್ವನ 5,000 ಪೊಟ್ಟಣ ಕಸಕ್ಕೆ. ನಿವ್ವಳ ತೂಕ, ತಯಾರಿಸಿದ ದಿನ, ಬೆಲೆ, ಸಸ್ಯಾಹಾರದ ಹಸಿರು ಗುರುತು, ಇವೆಲ್ಲ ಅಲಂಕಾರವಲ್ಲ, ಕಾಯಿದೆ. ಅಚ್ಚಿಗೆ ಕಳಿಸುವ ಮುಂಚೆ ಅವರಿಂದ ಲೈಸೆನ್ಸ್ ಕಾಗದದ ಫೋಟೊ ತರಿಸಿ, ಅಂಕಿ ಅಂಕಿ ಹೊಂದಿಸಿ, "ಸರಿ ಇದೆ" ಅಂತ ವಾಟ್ಸ್ಆಪ್‌ನಲ್ಲಿ ಅವರ ಕೈಯಿಂದಲೇ ಬರೆಸಿಕೋ. ದಿನ ತಡವಾದರೆ ಆಗಲಿ.

ಇನ್ನು ರೊಕ್ಕದ ಮಾತು. ನೀನು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿರುವುದು ಗಿರಾಕಿ ಸಿಗದಿದ್ದರೆ ಏನು ಅಂತ. ನನ್ನ ಅನುಭವದಲ್ಲಿ ಗಿರಾಕಿ ಸಿಗುತ್ತಾರೆ. ಕಷ್ಟ ಇರುವುದು ರೊಕ್ಕ ಕೇಳುವುದರಲ್ಲಿ.

ನಾನು ನಾಚಿಕೆಯ ಮನುಷ್ಯ. ಕೆಲಸ ಕೇಳಲು ನಾಚಿಕೆ ಇರಲಿಲ್ಲ, ಮಾಡಿದ ಕೆಲಸದ ರೊಕ್ಕ ಕೇಳಲು ಬಾಯಿ ಬರುತ್ತಿರಲಿಲ್ಲ. ಉದ್ರಿ ಪುಸ್ತಕ ದಪ್ಪ ಆಗುತ್ತಲೇ ಹೋಯಿತು. ಒಬ್ಬ ವ್ಯಾಪಾರಿ ರಸೀದಿ ಪುಸ್ತಕದ ಬಾಬತ್ತು 1,800 ರೂಪಾಯಿ ಎರಡು ವರ್ಷ ಇಟ್ಟುಕೊಂಡಿದ್ದರು. ಆಗ ಅದು ನಮ್ಮ ಎರಡು ತಿಂಗಳ ಸಂತೆ, ಕಿರಾಣಿ, ಬಾಡಿಗೆ. ಅವರ ಅಂಗಡಿ ಮುಂದೆ ಹೋಗುವುದನ್ನು ತಪ್ಪಿಸಲು ನಾನು ಸುತ್ತುಹಾದಿ ಹಿಡಿಯುತ್ತಿದ್ದೆ, ಕೊಡಬೇಕಾದವನು ನಾನೇ ಅನ್ನುವ ಹಾಗೆ! ಒಂದಿನ ನಿನ್ನ ಅವ್ವ ಹೊಸ್ತಿಲಲ್ಲಿ ನನ್ನ ಕೈಗೆ ಛತ್ರಿ ಕೊಟ್ಟು, "ನೀವು ಬೇಡಾಕ ಹೊಂಟಿಲ್ಲ, ನಿಮ್ಮ ರೊಕ್ಕ ತರಾಕ ಹೊಂಟೀರಿ" ಅಂದಳು. ಆ ಮಾತು ಹಿಡಿದುಕೊಂಡೇ ಹೋದೆ. ಅವರು ಗಲ್ಲಾದಿಂದ ಎಣಿಸಿ ಕೊಟ್ಟರು, ಎರಡು ನಿಮಿಷದ ಕೆಲಸ. "ಯಾಕ ಇಷ್ಟು ದಿನ ಕೇಳಲಿಲ್ಲ?" ಅಂದರು.

ಅಂದಿನಿಂದ ಅರ್ಧ ಮುಂಗಡ ಕೊಟ್ಟ ಮೇಲೆಯೇ ಕಾಗದ ಕತ್ತರಿಸುವುದು ಅಂತ ಮಾಡಿದೆ. ಚುನಾವಣೆಯ ಕರಪತ್ರಕ್ಕೆ ಪೂರ್ತಿ ರೊಕ್ಕ ಮೊದಲೇ, ಪಕ್ಷ ಯಾವುದೇ ಇರಲಿ. ಮೊದಲ ಸಲ ಹೇಳುವಾಗ ನಾಲಿಗೆ ತೊಡರಿತು. ಗೋಡೆಗೆ ಬೋರ್ಡು ಬರೆದು ಹಾಕಿದೆ, ಆಮೇಲೆ ನಾನು ಹೇಳುವುದೇ ಬೇಡವಾಯಿತು, ಬೋರ್ಡೇ ಹೇಳಿತು. ನೀನೂ ದರಪಟ್ಟಿಯಲ್ಲೇ ಬರೆದುಬಿಡು: ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಬೇರೆ ದರ.

ದರದ ಮಾತಿನಲ್ಲೂ ನಾನು ಬಹಳ ವರ್ಷ ಎಡವಿದೆ. ಕಾಗದ, ಶಾಯಿ, ಮೇಲೆ ಒಂದಿಷ್ಟು ಅಂತ ಲೆಕ್ಕ ಹಾಕುತ್ತಿದ್ದೆ. ಒಂದು ಕಾರ್ಡು ಜೋಡಿಸಲು ಮೂರು ತಾಸು, ಅಚ್ಚಾದ ಮೇಲೆ ಆ ಮೊಳೆಗಳನ್ನೆಲ್ಲ ತೊಳೆದು ಒಂದೊಂದನ್ನೇ ಅದರದರ ಮನೆಗೆ ಹಾಕಲು ಮತ್ತೊಂದು ತಾಸು. ಆ ನಾಲ್ಕು ತಾಸು ಲೆಕ್ಕದಲ್ಲೇ ಇರಲಿಲ್ಲ. ದರ ಏರಿಸಿದರೆ ಎದುರಿನ ಪ್ರೆಸ್ಸಿಗೆ ಹೋಗುತ್ತಾರೆ ಅನ್ನುವ ಹೆದರಿಕೆ. ಹೆದರಿದವನು ಅಗ್ಗಕ್ಕೆ ಮಾರುತ್ತಾನೆ, ಅಗ್ಗಕ್ಕೆ ಮಾರಿದವನು ರಾತ್ರಿಯೂ ದುಡಿಯುತ್ತಾನೆ, ರಾತ್ರಿ ದುಡಿದವನ ಕಣ್ಣಿಗೆ ೬ ಯಾವುದು ೯ ಯಾವುದು ತಿಳಿಯುವುದಿಲ್ಲ. ನಿನ್ನ ತಾಸುಗಳನ್ನು ಬರೆದಿಡು, ತಂಗೀ. ಫೋನಿನಲ್ಲಿ ಗಿರಾಕಿಗೆ ತಿಳಿಹೇಳಿದ ಅರ್ಧ ತಾಸನ್ನೂ ಬರಿ.

ಕಾಯಿದೆ, ತೆರಿಗೆ ಅಂದರೆ ಹೊಟ್ಟೆ ಕಲಸುತ್ತದೆ ಅಂದೆಯಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬೆಂಗಳೂರಿನ ಬೇಕರಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಚೀಟಿ ಅಂಟಿಸಿದ್ದನ್ನು ನೀನೇ ಫೋಟೊ ತೆಗೆದು ಕಳಿಸಿದ್ದೆ. ಪಾಪ, ಅವರಲ್ಲಿ ಎಷ್ಟೋ ಮಂದಿಗೆ ಗೆರೆ ಎಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಗೆರೆಗೆ ಎಲ್ಲರೂ ಹೆದರುತ್ತಾರೆ. ನಿನ್ನ ಗೆರೆ ಇಲ್ಲಿದೆ: ನಿನ್ನದು ಸೇವೆ, ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಅದು 40 ಲಕ್ಷ. ತಿಂಗಳ ಕೊನೆಗೆ ಬಂದದ್ದನ್ನೆಲ್ಲ ಕೂಡಿಸಿ ಬರೆಯುತ್ತಾ ಹೋಗು, ಗೆರೆ ಹತ್ತಿರ ಬಂದರೆ ನಿನಗೇ ಮೊದಲು ಕಾಣುತ್ತದೆ. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. ನಾನು ಎರಡನ್ನೂ ಒಂದೇ ಗಲ್ಲಾದಲ್ಲಿ ಇಟ್ಟು, ಲಾಭವೋ ನುಕಸಾನೋ ತಿಳಿಯದೆ ಹತ್ತು ವರ್ಷ ನಡೆಸಿದೆ.

ಒಬ್ಬರದ್ದೇ ಕಂಪನಿ ಅಂತ ನೋಂದಾಯಿಸಬೇಕೇ ಅಂತಲೂ ನೀನು ಕೇಳಿದ್ದೆ. 2013ರ ಕಂಪನಿ ಕಾಯಿದೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ವರ್ಷಾವರ್ಷ ಆಡಿಟ್ ಮಾಡಿಸಬೇಕು, ಕಾಗದಪತ್ರ ಸಲ್ಲಿಸಬೇಕು, ನಾಮಿನಿ ಇರಬೇಕು. ಮೊದಲ ವರ್ಷಕ್ಕೆ ನಿನಗೆ ಆ ಹೊರೆ ಬೇಡ ಅಂತ ನನ್ನ ಅಭಿಪ್ರಾಯ. ನಿನ್ನ ಹೆಸರಿನಲ್ಲೇ ಮಾಡು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ ಮೊದಲ ವಾರವೇ ಮಾಡಿಕೋ. ಆಧಾರ್, ಪ್ಯಾನ್ ಇದ್ದರೆ ಆಯಿತು, ಒಂದು ರೂಪಾಯಿಯೂ ಕೊಡಬೇಕಿಲ್ಲ. ರೊಕ್ಕ ಕೇಳುವ ಜಾಲತಾಣಗಳೂ ಇವೆ, ಅವು ಸರ್ಕಾರದ್ದಲ್ಲ, ಹುಷಾರು. ನಾನೂ ಮಾಡಿಸಿದ್ದೇನೆ. ಅದರಿಂದ ಉಪಯೋಗ ಏನೆಂದರೆ, 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ನಿನ್ನಂಥ ಸಣ್ಣವರ ಬಿಲ್ಲನ್ನು ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೀನು ಕೋರ್ಟಿಗೆ ಹೋಗಬೇಕು ಅಂತ ಇದನ್ನು ಹೇಳುತ್ತಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರೂ "45 ದಿನದೊಳಗೆ" ಅನ್ನುವ ಒಂದು ಸಾಲೂ ಇದ್ದರೆ, ನಮ್ಮ ಗೋಡೆಯ ಬೋರ್ಡಿನ ಹಾಗೆ, ನಿನ್ನ ಪರವಾಗಿ ಅದೇ ಮಾತಾಡುತ್ತದೆ.

ಈಗ ನೀನು ಮೆಲ್ಲಗೆ ಹೇಳಿದ ಇನ್ನೊಂದು ಮಾತು. "ಅಪ್ಪಾ, ಎಐಗೆ ಹೇಳಿದ್ರ ಅರ್ಧ ನಿಮಿಷದಾಗ ಲೇಬಲ್ ಮಾಡಿ ಕೊಡ್ತೈತಿ, ಇನ್ನ ನನ್ನ ಹತ್ರ ಯಾರು ಬರ್ತಾರ?"

ಈ ಹೆದರಿಕೆಯ ಮುಖ ನನಗೆ ಚೆನ್ನಾಗಿ ಗೊತ್ತು. 1990ರ ದಶಕದಲ್ಲಿ ಊರಿಗೆ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಬಂತು. ನಾನು ಮೂರು ತಾಸು ಜೋಡಿಸುವುದನ್ನು ಹುಡುಗರು ಇಪ್ಪತ್ತು ನಿಮಿಷಕ್ಕೆ ಟೈಪ್ ಮಾಡಿ, ಬೇಕಾದ ಅಳತೆಗೆ ಹಿಗ್ಗಿಸಿ, ಕುಗ್ಗಿಸಿ ಕೊಡತೊಡಗಿದರು. ಎರಡು ವರ್ಷ ನಾನು "ಮೊಳೆಯ ಅಚ್ಚಿನ ಚೆಂದ ಅದಕ್ಕೆಲ್ಲಿ" ಅಂತ ಹೇಳಿಕೊಂಡು ಕೂತೆ. ಖರೆ ಹೇಳಬೇಕೆಂದರೆ ಅದು ಹೆದರಿಕೆಯ ಮಾತು, ಅಭಿಮಾನದ ವೇಷ ಹಾಕಿಕೊಂಡಿತ್ತು. 1998ರಲ್ಲಿ, 38ನೇ ವಯಸ್ಸಿನಲ್ಲಿ, ವಾರಕ್ಕೆ ಮೂರು ಸಂಜೆ ಹುಬ್ಬಳ್ಳಿಗೆ ಹೋಗಿ ಪೇಜ್‌ಮೇಕರ್ ಅನ್ನುವ ಡಿಟಿಪಿ ತಂತ್ರಾಂಶ ಕಲಿತೆ. ಕಲಿಸುವ ಹುಡುಗನಿಗೆ 20 ದಾಟಿರಲಿಲ್ಲ. ಮೌಸ್ ಹಿಡಿದರೆ ಬೆವರುತ್ತಿದ್ದೆ, ಅದು ಟೇಬಲ್ಲಿನ ಅಂಚಿಗೆ ಹೋಗಿ ಬೀಳುತ್ತಿತ್ತು.

ಮಾರನೆಯ ವರ್ಷ ಮೊಳೆಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಮಾರಿದೆ. ಸೀಸ, ಆಂಟಿಮನಿ, ತವರ ಬೆರೆಸಿದ ಲೋಹ, ಕರಗಿಸಲು ಒಯ್ಯುತ್ತಾರೆ. ಗೋಣಿಚೀಲಕ್ಕೆ ಸುರಿಯುವಾಗ ಮಳೆ ಬಿದ್ದ ಹಾಗೆ ಸದ್ದು. ನೀನು ಐದು ವರ್ಷದವಳು, ಚೀಲದ ಹತ್ತಿರ ಕೂತು ಒಂದು "ಳ" ಎತ್ತಿ ಫ್ರಾಕಿನ ಕಿಸೆಯಲ್ಲಿ ಹಾಕಿಕೊಂಡೆ. ನೋಡಿಯೂ ನೋಡದ ಹಾಗೆ ಇದ್ದೆ ನಾನು. ಅದು ಈಗಲೂ ನಿನ್ನ ಟೇಬಲ್ ಮೇಲಿದೆ ಅಂತ ಅವ್ವ ಹೇಳಿದಳು.

ಮೊಳೆ ಹೋದವು, ಗಿರಾಕಿಗಳು ಉಳಿದರು. ಯಾಕೆ ಅಂತ ನಾನೂ ಬಹಳ ಯೋಚಿಸಿದ್ದೇನೆ. ಅವರು ಬರುತ್ತಿದ್ದದ್ದು ಅಕ್ಷರ ಜೋಡಿಸುವ ಬೆರಳಿಗಲ್ಲ. ಹಿರಿಯರ ಹೆಸರು ಯಾವ ಸಾಲಿನಲ್ಲಿ ಬರಬೇಕು, ತೀರಿಹೋದ ಅಜ್ಜನ ಹೆಸರಿಗೆ ಏನು ಸೇರಿಸಬೇಕು, ಬೀಗರ ಊರಿನ ಹೆಸರಿಗೆ ಒತ್ತಕ್ಷರ ಇದೆಯೋ ಇಲ್ಲವೋ ಅಂತ ಕೇಳುವವನು ಒಬ್ಬ ಬೇಕಿತ್ತು. ನೀನು ಕಳಿಸಿದ ಎಐ ಚಿತ್ರದಲ್ಲಿ "ಚಟ್ನಿಪುಡಿ"ಯ ಒತ್ತಕ್ಷರ ಎಲ್ಲೋ ಕೂತಿತ್ತು, ಇಬ್ಬರೂ ನಕ್ಕೆವು. ಆದರೆ ಅದನ್ನು ನೆಚ್ಚಿ ಕೂರಬೇಡ, ಇವತ್ತಲ್ಲ ನಾಳೆ ಅದೂ ಸರಿಹೋಗುತ್ತದೆ. ಆ ಯಂತ್ರವನ್ನೂ ಕಲಿ. ಹೋದ ವಾರ ಧಾರವಾಡದ ಆ ಅವ್ವನ ಅಡುಗೆಮನೆಗೇ ಹೋಗಿ, ಆಕೆ ಶೇಂಗಾ ಹುರಿಯುವುದನ್ನು ನೋಡಿ, ಪೊಟ್ಟಣಕ್ಕೆ ಎಣ್ಣೆ ಹಾಯ್ದು ಲೇಬಲ್ ಕಲೆಯಾಗುತ್ತದೆ ಅಂತ ನೀನೇ ಪತ್ತೆ ಹಚ್ಚಿದೆಯಲ್ಲ. ನಿನ್ನ ಅಂಗಡಿ ಅಲ್ಲಿದೆ.

ಒಬ್ಬಳೇ ಅನ್ನುವ ಮಾತಿಗೂ ಒಂದು ಹೇಳಬೇಕು. ನಾನು ಎಲ್ಲರ ಮುಂದೆ "ಒಬ್ಬನ ಅಂಗಡಿ" ಅಂತಲೇ ಹೇಳಿಕೊಂಡೆ. 1991ರಲ್ಲಿ ಟೈಫಾಯ್ಡ್ ಆಗಿ ಮೂರು ವಾರ ಮಲಗಿದಾಗ ಕೈಯಲ್ಲಿ ಐದು ಲಗ್ನಪತ್ರಿಕೆ ಇದ್ದವು. ಜ್ವರಕ್ಕಿಂತ ಅವುಗಳ ಚಿಂತೆಗೆ ಮೈ ಸುಡುತ್ತಿತ್ತು. ಎದುರಿನ ಪ್ರೆಸ್ಸಿನವರು, ಯಾರಿಗೆ ಹೆದರಿ ನಾನು ದರ ಏರಿಸದೆ ಇದ್ದೆನೋ ಅವರೇ, ಅವ್ವನ ಹತ್ತಿರ ಕೀಲಿ ಇಸಿದುಕೊಂಡು, ತಮ್ಮ ಕೆಲಸ ಮುಗಿಸಿ ರಾತ್ರಿ ನಮ್ಮ ಅಂಗಡಿಯಲ್ಲಿ ಐದನ್ನೂ ತೆಗೆದು ಕೊಟ್ಟರು. ಕೂಲಿ ಕೊಡಲು ಹೋದರೆ, "ನಾಳೆ ನನಗೂ ಜ್ವರ ಬರ್ತಾವ" ಅಂದರು. ನಿನ್ನ ಕೆಲಸವನ್ನೇ ಮಾಡುವ ಇಬ್ಬರ ಗೆಳೆತನ ಈಗಿನಿಂದಲೇ ಇರಲಿ. ಫೈಲುಗಳು ಎಲ್ಲಿವೆ ಅಂತ ಅವರಿಗೆ ಗೊತ್ತಿರಲಿ.

ನಮ್ಮ ಓಣಿಯವರು ಆಗಲೇ ಶುರು ಮಾಡಿದ್ದಾರೆ: 1976ರಲ್ಲಿ ಇದೇ ಗದಗಿನಲ್ಲಿ ವಿಆರ್‌ಎಲ್ ಸಾರಿಗೆ ಕಂಪನಿ ಕಟ್ಟಿದ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ್ದರು, ಈಗ ನೋಡಿ, ನಿಮ್ಮ ಮಗಳೂ ಹಾಗೇ ಬೆಳೆಯಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಬೆಳೆದರೆ ನನಗೂ ಹೆಮ್ಮೆ. ಆದರೆ ಒಂದೇ ಮಷಿನ್ ಇಟ್ಟುಕೊಂಡು, ಸಾಲ ತೀರಿಸಿ, ಮನೆ ನಡೆಸಿ, ನಿನ್ನನ್ನು ಓದಿಸಿದ್ದೂ ಒಂದು ಬದುಕೇ. ದೊಡ್ಡದು ಮಾಡಲೇಬೇಕು ಅನ್ನುವ ಹೆದರಿಕೆಯನ್ನು ಯಾರಿಂದಲೂ ಉದ್ರಿ ತರಬೇಡ.

ಏಳು ತಿಂಗಳ ಖರ್ಚು ಕೂಡಿಟ್ಟಿದ್ದೇನೆ ಅಂದೆಯಲ್ಲ. ಅದು ತೀರುವ ಹೊತ್ತಿಗೆ ಮೂರು ಜನ ಗಿರಾಕಿಗಳು ಎರಡನೇ ಸಲ ಬಂದಿದ್ದರೆ ಮುಂದುವರಿ. ಬರದಿದ್ದರೆ ಇನ್ನೊಂದು ನೌಕರಿ ಹಿಡಿ, ಮನೆಗೆ ಬಾ, ಇಲ್ಲಿ ನಿನಗೊಂದು ಟೇಬಲ್ ಇದ್ದೇ ಇದೆ. ನಾನು ಯಾರಿಗೂ ಏನೂ ಉತ್ತರ ಹೇಳಬೇಕಾಗಿಲ್ಲ, ನೀನೂ ಹೇಳಬೇಕಾಗಿಲ್ಲ.

ಅವ್ವ ಶೇಂಗಾ ಹೋಳಿಗೆ ಕಟ್ಟಿದ್ದಾಳೆ, ನಾಳೆಯ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಅದರಲ್ಲೇ ನನ್ನ ಹಳೆಯ ಸ್ಟ್ಯಾಂಪ್ ಇದೆ. ರಬ್ಬರಿನ ಒಂದು ಮೂಲೆ ಸವೆದಿದೆ, ಪ್ಯಾಡಿಗೆ ಸ್ವಲ್ಪ ಒತ್ತಿ ಹಿಡಿ. ಈ ಪತ್ರದ ಜೊತೆಗೆ ನಿನ್ನ ಬಿಲ್ ಬುಕ್ಕಿನ ಪ್ರೂಫ್ ಇಟ್ಟಿದ್ದೇನೆ, 001ರಿಂದ 100ರ ತನಕ. ಹೆಸರು, ಫೋನ್ ನಂಬರು, ಖಾತೆಯ ನಂಬರು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದು. ಉದ್ಯಮ್ ನಂಬರಿಗೆ ಜಾಗ ಬಿಟ್ಟಿದ್ದೇನೆ, ಅದು ಬಂದ ಮೇಲೆ ಬರೆದು ಸಹಿ ಮಾಡಿ ಕಳಿಸು.

ನಿನ್ನ ಸಹಿ ಬರುವ ತನಕ ಅಚ್ಚು ಮಾಡುವುದಿಲ್ಲ.

ಇಂತಿ,
ನಿನ್ನ ಅಪ್ಪ